ಬೀಗರ ಬಿಂಗೊ

ಮದುವೆಯ ಹಿಂದಿನ ದಿನದ ಸಾಯಂಕಾಲ, ದಿಬ್ಬಣವನ್ನು ಇದಿರುಗೊಂಡು, ಪಾನಕ ಕೊಟ್ಟು, ಪೆಟ್ಟಿಗೆಗಳನ್ನು ಅವರವರ ಕೋಣೆಗಳಿಗೆ ಸೇರಿಸಿಯಾದ ತರುವಾಯ, ಪುರೋಹಿತರು ವರಪೂಜೆಗೆ ಅಣಿಯಾಗುವವರೆಗೆ, ಛತ್ರದಲ್ಲಿ ಯಾರಿಗೂ ಏನೂ ಕೆಲಸವಿಲ್ಲದ ಒಂದು ಅವಧಿ ಏರ್ಪಡುವುದುಂಟು. ರಾಹುಕಾಲ, ಯಮಗಂಡಕಾಲ, ಗುಳಿಕಕಾಲಗಳನ್ನು ಅಷ್ಟು ಕಟ್ಟುನಿಟ್ಟಾಗಿ ಗುರುತಿಸಿಟ್ಟ ನಮ್ಮ ಪಂಚಾಂಗಕರ್ತರು ಈ ಕಾಲವನ್ನು ಮಾತ್ರ ಏಕೆ ಕೈಬಿಟ್ಟರೋ ನಾನರಿಯೆ. ಒಂದು ಪಕ್ಕದ ಕುರ್ಚಿಗಳಲ್ಲಿ ಗಂಡಿನ ಕಡೆಯವರು, ಇನ್ನೊಂದು ಪಕ್ಕದಲ್ಲಿ ಹೆಣ್ಣಿನ ಕಡೆಯವರು. ಹೆಂಗಸರ ದೃಷ್ಟಿ ಎದುರು ಸಾಲಿನ ಸೀರೆಗಳ ಜರಿಯಂಚಿನ ಅಗಲವನ್ನು ಅಳೆಯುತ್ತಿರುವಾಗ, ಗಂಡಸರ ದೃಷ್ಟಿ, ಅಕಸ್ಮಾತ್ತಾಗಿ ಎದುರಿನವರ ದೃಷ್ಟಿಯೊಡನೆ ಸಂಧಿಸಿತೆಂದರೆ, ತತ್‌ಕ್ಷಣವೇ ಮೇಲೇರಿ ಫ್ಯಾನಿನಲ್ಲಿ ಆಶ್ರಯ ಪಡೆಯುತ್ತದೆ. ಛತ್ರದ ಫ್ಯಾನಿನಷ್ಟು ಭಕ್ತಿಯಿಂದ ವೀಕ್ಷಿಸಲ್ಪಡುವ ಯಂತ್ರ ಇನ್ನೊಂದಿರಲಾರದು.

ಇದು ಅಪರಿಚಯದ ಫಲವೆಂದು ಭಾವಿಸುವವರು ನಮ್ಮ ಜನವನ್ನು ಬಲ್ಲವರಲ್ಲ. ಮೈಸೂರಿನಿಂದ ಧಾರವಾಡದ ಕಡೆಗೆ ರಾತ್ರಿ ಹೊರಡುವ ರೈಲಿನಲ್ಲಿ ಎದುರುಬದುರು ಕುಳಿತ ಇಬ್ಬರು ಸದ್ಗೃಹಸ್ಥರು, ಅರಸೀಕೆರೆ ಬರುವುದರೊಳಗೆ, ಪರಸ್ಪರರ ಊರು, ಉದ್ಯೋಗ, ಮಂಡಿನೋವು, ಮಗನ ಸಂಬಳ ಮತ್ತು ಮಗಳ ಜಾತಕಗಳನ್ನು ಸಮಗ್ರವಾಗಿ ತಿಳಿದುಕೊಂಡಿರುತ್ತಾರೆ. ಅದೇ ಇಬ್ಬರು ಬೀಗರಾದರೆಂದರೆ ಮಾತು ನಿಂತುಹೋಗುತ್ತದೆ. ಮೊದಲು ಬಾಯಿ ತೆರೆದರೆ ತಾವು ಅಗ್ಗವಾದೇವೆಂಬ ಭಯ ಗಂಡಿನವರಿಗೆ. ಆಡಿದ ಮಾತಿನಲ್ಲಿ ಯಾವ ಕೊರತೆಯನ್ನು ಯಾರು ಕಂಡುಹಿಡಿಯುವರೋ ಎಂಬ ಭಯ ಹೆಣ್ಣಿನವರಿಗೆ. ಅಡ್ಡಬಂದಿರುವುದು ಪ್ರತಿಷ್ಠೆಯಾದುದರಿಂದ, ಪರಿಚಯ ಮಾಡಿಸುವುದರಿಂದ ಅದು ಕರಗುವುದಿಲ್ಲ, ಬೆಳೆಯುತ್ತದೆ. ವಾಲ್ಮೀಕಿಗಳ ಬಾಲಕಾಂಡವನ್ನೇ ನೋಡಬಹುದು: ಸೀತಾಕಲ್ಯಾಣಕ್ಕೆ ಮೊದಲು ವಸಿಷ್ಠರು ಇಕ್ಷ್ವಾಕುವಂಶವನ್ನು ಮೂಲದಿಂದ ದಶರಥನವರೆಗೆ ಬಿಡದೆ ಹೇಳುತ್ತಾರೆ, ಅದನ್ನು ಕೇಳಿದ ಜನಕನು, ಕನ್ಯಾದಾನಕಾಲದಲ್ಲಿ ಕುಲವನ್ನು ಹೇಳುವುದು ಯುಕ್ತವೆಂದು, ನಿಮಿಯಿಂದ ತನ್ನವರೆಗಿನ ವಂಶವನ್ನು ತಾನೇ ಹೇಳುತ್ತಾನೆ. ಪರಿಚಯವೇನೋ ಪೂರ್ಣವಾಯಿತು, ಆದರೆ ಅದಾದ ಮೇಲೆ ಯಾರಾದರೂ ಯಾರನ್ನಾದರೂ ನೋಡಿ ನಕ್ಕರೆಂದು ಆದಿಕವಿ ಬರೆದಿಲ್ಲ.

ನಗಿಸುವ ಹೊಣೆಯನ್ನು ಹೊತ್ತವರು ನಮ್ಮ ಅಜ್ಜಿಯಂದಿರು. ಬೀಗರು ಪಂಕ್ತಿಯಲ್ಲಿ ಕುಳಿತಾಗ, ಕಂಬದ ಮರೆಯಿಂದ, ಬೀಗಿತಿಯ ನಡಿಗೆಯನ್ನೂ, ಬೀಗರ ಉದರದ ಸುತ್ತಳತೆಯನ್ನೂ, ಅವರೆಲ್ಲ ಭಕ್ಷಿಸಿದ ಹೋಳಿಗೆಗಳ ಲೆಕ್ಕವನ್ನೂ ರಾಗವಾಗಿ ಹಾಡುತ್ತಿದ್ದ ಬೀಗರ ಹಾಡುಗಳನ್ನು ಕೇಳಿ ಬೆಳೆದವರಿಗೆ ನಾನು ಹೇಳಬೇಕಾದುದೇನೂ ಇಲ್ಲ. ಇಡೀ ದಿನ ವಿಷ್ಣುಸ್ವರೂಪಿಯೆಂದು ಪೂಜೆಗೊಳ್ಳುವ ವರನ ತಂದೆ ತಾಯಿಗಳನ್ನು ಕ್ಷಣಕಾಲ ನೆಲಕ್ಕಿಳಿಸುವ ಅಧಿಕಾರ ಆ ಹಾಡಿಗಿತ್ತು. ಸಂಪ್ರದಾಯವಾದುದರಿಂದ ಕೋಪಿಸಿಕೊಳ್ಳುವಂತಿರಲಿಲ್ಲ, ಕೋಪಿಸಿಕೊಂಡವರು ಮುಂದಿನ ನುಡಿಗೆ ವಸ್ತುವಾಗುತ್ತಿದ್ದರು. ಉರುಟಣೆಯ ಅರಿಶಿನ, ಓಕುಳಿನೀರಿನಲ್ಲಿ ಉಂಗುರ ಹುಡುಕುವ ಪೈಪೋಟಿ, ಕೊಡೆ ಹಿಡಿದು ಕಾಶಿಗೆ ಹೊರಟು ಛತ್ರದ ಬಾಗಿಲಿನಿಂದಲೇ ಹಿಂದಿರುಗುವ ವರನ ನಾಟಕ, ಇವೆಲ್ಲ ಆ ಜಾತಿಯವೇ.

1994ರಲ್ಲಿ ತೆರೆಕಂಡ 'ಹಮ್ ಆಪ್ ಕೆ ಹೈಂ ಕೌನ್' ಎಂಬ ಹಿಂದೀ ಚಿತ್ರದಲ್ಲಿ ವರನ ಪಾದರಕ್ಷೆಗಳನ್ನು ಬಚ್ಚಿಟ್ಟು ಹಣ ಕೇಳುವುದನ್ನೂ, ದಿಂಬನ್ನು ಕೈಯಿಂದ ಕೈಗೆ ದಾಟಿಸುವುದನ್ನೂ ಕಂಡ ನಮ್ಮ ಯುವಜನರು ಆ ವಿನೋದಗಳನ್ನು ಇಲ್ಲಿಗೂ ತಂದರು. ಪಾದರಕ್ಷೆಯ ಪ್ರಸಂಗ ಬಹು ಲಾಭದಾಯಕವೆಂದು ವಧುವಿನ ತಂಗಿಯಂದಿರು ಒಪ್ಪುತ್ತಾರೆ. ದಿಂಬಿನ ಆಟವಂತೂ ಇಲ್ಲಿ ಇನ್ನೂ ಚುರುಕಾಗಿ ಸಾಗುತ್ತದೆ. ಛತ್ರದ ದಿಂಬಿನ ಪೂರ್ವೇತಿಹಾಸವನ್ನು ಬಲ್ಲವರು ಅದನ್ನು ಕೈಯಲ್ಲಿ ಇರಿಸಿಕೊಳ್ಳುವುದಿಲ್ಲ.

ಈಚೆಗೆ ಮೈಸೂರಿನಲ್ಲಿ ನಡೆದ, ನಮ್ಮ ಬಂಧುವರ್ಗದ ಒಂದು ಮದುವೆಯಲ್ಲಿ, ಧಾರವಾಡದಿಂದ ಬಂದಿದ್ದ ಬೀಗರು ಫ್ಯಾನುಗಳ ವೀಕ್ಷಣೆಯನ್ನು ಆರಂಭಿಸಿದ್ದ ಸಮಯದಲ್ಲಿ, ವಧುವಿನ ಚಿಕ್ಕಮ್ಮನ ಮಗಳು ಮೈಕು ಹಿಡಿದು ಎದ್ದುನಿಂತು, ಎಲ್ಲರಿಗೂ ಒಂದೊಂದು ಕಾಗದವನ್ನೂ ಪೆನ್ಸಿಲನ್ನೂ ಹಂಚಿಸಿದಳು. ಆಟದ ಹೆಸರು ಬಿಂಗೊ ಎಂದಳು. ಕ್ಲಬ್ಬುಗಳಲ್ಲಿ ತಂಬೋಲವೆಂಬ ಹೆಸರಿನಿಂದ, 1ರಿಂದ 90ರವರೆಗಿನ ಅಂಕಿಗಳನ್ನು ಕೂಗಿ ಆಡುವ ಆಟದ ದಾಯಾದಿಯಿದು. ಇಲ್ಲಿ ಅಂಕಿಗಳಿಗೆ ಬದಲಾಗಿ ಮನುಷ್ಯರು. ಚೌಕಾಬಾರದ ಹಾಸಿನಂತೆ ಗೆರೆ ಎಳೆದ ಆ ಕಾಗದದ ಮನೆಮನೆಯಲ್ಲಿಯೂ ಒಂದೊಂದು ಲಕ್ಷಣ: ಕಾಫಿ ಕುಡಿಯದವರು, ಚಾಮುಂಡಿಬೆಟ್ಟವನ್ನು ಮೆಟ್ಟಿಲಿನಿಂದಲೇ ಹತ್ತಿದವರು, ತಮ್ಮ ಮದುವೆಯ ತಾರೀಖನ್ನು ಮರೆತವರು, ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದವರು. ಆಯಾ ಲಕ್ಷಣವುಳ್ಳವರನ್ನು ಎದುರು ಪಕ್ಷದಲ್ಲಿ ಹುಡುಕಿ, ಅವರಿಂದ ಸಹಿ ಪಡೆದು, ಒಂದು ಸಾಲನ್ನು ಮೊದಲು ತುಂಬಿದವರಿಗೆ ಸ್ಟೀಲ್ ಡಬ್ಬಿಯ ಬಹುಮಾನ.

ಯಾರೂ ಕದಲಲಿಲ್ಲ. ಹುಡುಗಿ ಧೈರ್ಯಮಾಡಿ ವರನ ದೊಡ್ಡಪ್ಪನವರ ಬಳಿಗೇ ಹೋಗಿ, ಸಹಿಗಾಗಿ ಕಾಗದ ಚಾಚಿದಳು. ಅವರು ನಿವೃತ್ತ ತಹಸೀಲ್ದಾರರು.

"ಓದಲಾರದ ಯಾವ ಕಾಗದಕ್ಕೂ ನಾ ಸಹಿ ಮಾಡಂಗಿಲ್ಲ ನೋಡವಾ, ತಂಗಿ" ಎಂದು ಕನ್ನಡಕ ಏರಿಸಿ, ಮೇಲಿನಿಂದ ಕೆಳಗಿನವರೆಗೆ, ಹಿಂಬದಿಯ ಖಾಲಿ ಪುಟವೂ ಸೇರಿದಂತೆ, ಪರಿಶೀಲಿಸತೊಡಗಿದರು. ಸಭೆ ಕಾದಿತ್ತು. ಅಷ್ಟರಲ್ಲಿ ಅವರ ಪತ್ನಿ ಹಿಂದಿನ ಸಾಲಿನಿಂದ ಬಾಗಿ, ಮದುವೆಯ ತಾರೀಖು ಮರೆತವರ ಮನೆಯ ಮೇಲೆ ಬೆರಳಿಟ್ಟು, "ಇಲ್ಲಿ ಮಾಡ್ರಿ ಸಹಿ. ಇದನ್ನ ನಿಮ್ಮ ಸಲುವಾಗೇ ಬರದಾರ" ಎಂದರು.

ನಕ್ಕವರಲ್ಲಿ ಧಾರವಾಡದವರೇ ಮೊದಲಿಗರೆಂಬುದನ್ನು ನಾನು ವಿಶೇಷವಾಗಿ ಗಮನಿಸಿದೆ. ಹೆಣ್ಣಿನ ಕಡೆಯವರು ಅಪ್ಪಣೆಗಾಗಿ ಕಾಯುತ್ತಿದ್ದು, ಅದು ದೊರೆತೊಡನೆ ಅವರನ್ನು ಮೀರಿಸಿ ನಕ್ಕರು. ಮಾನವನ್ನು ಕಳೆದುಕೊಂಡವರಿಗೆ ಕಳೆದುಕೊಳ್ಳುವುದು ಮತ್ತೇನೂ ಉಳಿಯದುದರಿಂದ, ತಹಸೀಲ್ದಾರರು ತಾವೇ ಪೆನ್ಸಿಲು ಹಿಡಿದು ಆಟಕ್ಕಿಳಿದು, ನೇರವಾಗಿ ನಮ್ಮ ಅಜ್ಜಿಯ ಮುಂದೆ ಬಂದು ನಿಂತರು.

"ಯಜಮಾನರ ಹೆಸರು ಹೇಳದವರು ನೀವೇ ಇರಬೇಕು. ಇಲ್ಲೊಂದು ಸಹಿ ಮಾಡ್ರಿ. ಆಮ್ಯಾಲೆ ನಮ್ಮ ಕಡೆ ಪದ್ಧತಿಯಂಗ ಒಂದು ಒಡಪು ಹಾಕಿ ಆ ಹೆಸರು ಹೇಳಬೇಕ್ರಿ."

ಒಡಪು ಹೇಳಿದರೆ ಸಹಿ ಅಸಿಂಧುವಾಗುವುದೆಂದು ನಮ್ಮವರೊಬ್ಬರು ಆಕ್ಷೇಪಿಸಿದರು. ಸಹಿಯಾದ ಗಳಿಗೆಯಲ್ಲಿ ಇದ್ದ ಸ್ಥಿತಿಯೇ ದಾಖಲೆಗೆ ಆಧಾರ, ತರುವಾಯದ ಬದಲಾವಣೆ ಪೂರ್ವಕ್ಕೆ ಅನ್ವಯಿಸದೆಂದು ತಹಸೀಲ್ದಾರರು ಅಲ್ಲಿಯೇ ತೀರ್ಪಿತ್ತರು. ಅಜ್ಜಿ ಸಹಿ ಮಾಡಿ, ಸೆರಗನ್ನು ಸರಿಪಡಿಸಿಕೊಂಡು, ಮೈಕನ್ನು ತುಟಿಗೆ ಬಹು ಸಮೀಪಕ್ಕೆ ತಂದುಕೊಂಡು, ಮೊದಲ ಸಾಲಿನಲ್ಲಿ ಮೈಸೂರು ಮಲ್ಲಿಗೆಯ ಪರಿಮಳವನ್ನು ಹೊಗಳಿ, ಎರಡನೆಯ ಸಾಲಿನಲ್ಲಿ ಊಟವಾದೊಡನೆ ಛತ್ರ ನಡುಗುವಂತೆ ಹೊರಡುವ ಗೊರಕೆಯನ್ನು ಅದಕ್ಕೆ ಪ್ರಾಸ ಕೂಡಿಸಿ, ಕೊನೆಯಲ್ಲಿ ಪತಿಯ ಪೂರ್ಣನಾಮವನ್ನು ಉಚ್ಚರಿಸಿದರು. (ಅದನ್ನಿಲ್ಲಿ ಬರೆಯಲು ನನಗೆ ಅಪ್ಪಣೆಯಿಲ್ಲ.) ಕಂಬಕ್ಕೊರಗಿ ನಿದ್ರಿಸುತ್ತಿದ್ದ ತಾತ ಥಟ್ಟನೆ ಎಚ್ಚೆತ್ತು, ಅಂಗವಸ್ತ್ರವನ್ನು ಹೆಗಲಿಗೇರಿಸಿಕೊಂಡು ಎದ್ದುನಿಂತು, "ಯಾರು ಕರೆದದ್ದು? ಎಲೆ ಹಾಕಿದರೇನು?" ಎಂದರು.