ಮಡಿಲ ತುಂಬ ಮೂರು ಮೀಟರ್

ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತ್ಯೆ ಹೊಲಿಗೆಗಳಲ್ಲಿ ನನಗೆ ಒಲಿದದ್ದು ಮೆಂತ್ಯೆಯೊಂದೇ. ಈಗಿನವರು ಅದನ್ನೇ ಕ್ರಾಸ್ ಸ್ಟಿಚ್ ಅಂತಾರೆ. ಹುರುಪಿನಲ್ಲಿ ಮೂರು ಮೀಟರ್ ಮ್ಯಾಟಿ ಬಟ್ಟೆ ತಂದೆ. ಸೂಜಿ ಆಡುವ ಜಾಗ ಅಂಗೈಯಗಲ, ಉಳಿದದ್ದೆಲ್ಲ ಮಡಿಲಲ್ಲಿ. ಅಫಜಲಪುರದ ಮೇ ತಿಂಗಳ ಬಿಸಿಲು, ಕರೆಂಟಿಲ್ಲ, ಮೇಲೆ ಈ ಹೊದಿಕೆ! ಸುರುಳಿ ಸುತ್ತಿ ಕ್ಲಿಪ್ ಹಾಕಿದೆ; ಅತ್ತೆ ಕ್ಲಿಪ್ ಬಿಚ್ಚಿ ಹಪ್ಪಳದ ಚೀಲಕ್ಕೆ ಹಾಕಿದರು. ದಿಂಬಿನ ಚೀಲದೊಳಗೆ ತುರುಕಿದೆ. ಮನೆಯವರು ಅದರ ಮೇಲೇ ತಲೆಯಿಟ್ಟು ಗೊರಕೆ ಹೊಡೆದರು. ನೆಲಕ್ಕೆ ಬಿಟ್ಟರೆ ಬೆಕ್ಕಿಗೆ ಹಾಸಿಗೆ.

ನಿನ್ನೆ ಕುಕ್ಕರ್ ಸೀಟಿ ಹೊಡೆಯಿತೆಂದು ದಡಬಡ ಎದ್ದೆ. ಬಟ್ಟೆಯೂ ನನ್ನ ಜೊತೆಗೇ ಎದ್ದಿತು! ನವಿಲಿನ ಕಾಲನ್ನು ಉಟ್ಟ ಸೀರೆಗೇ ಸೇರಿಸಿ ಹೊಲಿದಿದ್ದೆ.

“ನವಿಲ ಛಂದ ಅದ ನೋಡವ್ವ,” ಅಂದರು ಅತ್ತೆ, “ಆದ್ರ ನಿನ್ನ ಸೀರಿ ಬಿಟ್ಟು ಹೋಗಂಗ ಕಾಣಂಗಿಲ್ಲ.”