ಟಾಕಿ ಕಾಕಾ

ಸೊಲ್ಲಾಪುರದ ಓಣಿಗೊಬ್ಬರು ಇಂಥವರು ಇದ್ದೇ ಇರುತ್ತಾರೆ. ಫ್ಯಾನು, ಮಿಕ್ಸರು, ಮೋಟಾರು, ಯಾವುದು ಕೆಟ್ಟರೂ "ಅದರಾಗೇನೈತಿ, ಮನ್ಯಾಗ ಮಾಡೂಣು" ಎನ್ನುವವರು. ನಮ್ಮ ಓಣಿಯ ಕಾಕಾ ಕಣ್ಣು ಈ ಸಲ ಬಿದ್ದದ್ದು ತಮ್ಮ ಎಂಎಚ್-13 ನಂಬರಿನ ಹಳೇ ಸ್ಪ್ಲೆಂಡರ್ ಬೈಕಿನ ಪೆಟ್ರೋಲ್ ಟಾಕಿಯ ಮೇಲೆ. ಪೇಂಟರ್ ಹೇಳಿದ ರೇಟು ಕೇಳಿ "ಅಷ್ಟರಾಗ ಗಾಡೀನ ಬರ್ತೈತಿ" ಅಂದು, ಎರಡು ಸ್ಪ್ರೇ ಡಬ್ಬಿ ಹಿಡಿದು ಬಂದರು. ಕಪ್ಪು ಟಾಕಿ ಕೆಂಪಾಗಬೇಕು. ಆರ್.ಸಿ.ಯಲ್ಲಿ ಕಪ್ಪು ಅಂತಿದೆಯಲ್ಲ ಅಂದರೆ, "ಅದಕ್ಕೂ ಒಂದು ಕೋಟ್ ಹೊಡಿಯೂಣು."

ಟಾಕಿ ಬಿಚ್ಚಿ, ಪೆಟ್ರೋಲ್ ಬಸಿದು, 320 ನಂಬರಿನ ಪಾಲಿಶ್ ಪೇಪರಿನಿಂದ ತಿಕ್ಕಿ, ತಗ್ಗಿಗೆ ಪುಟ್ಟಿ ತುಂಬಿ, ಪ್ರೈಮರ್ ಹೊಡೆದು, 600ರಿಂದ ನೀರು ಹಾಕಿ ಮತ್ತೆ ತಿಕ್ಕಬೇಕು. ಬಣ್ಣದ ಪಾಳಿ ಆಮೇಲೆ. ಕಾಕಾಗೆ ಬೇಕಾದದ್ದು ಆ 'ಸ್ಸ್' ಸಪ್ಪಳ ಮಾತ್ರ. ತಿಕ್ಕುವ ಕೆಲಸ ಮಗನಿಗೆ ಬಂತು. ಮಗ ಮೊಬೈಲಿನ ಪರದೆ ತಿಕ್ಕುತ್ತ ಕೂತ.

ಪೆಟ್ರೋಲ್ ಬಸಿದ ಟಾಕಿಯೊಳಗಿನ ಆವಿ, ತುಂಬಿದ ಟಾಕಿಗಿಂತ ಅಪಾಯ. ಇದು ಆ ಮನೆಯಲ್ಲಿ ಗೊತ್ತಿದ್ದದ್ದು ಹೆಂಡತಿ ಕಾಕೂ ಒಬ್ಬರಿಗೇ. ಬೀಡಿ ಸೇದುತ್ತ ಸಲಹೆ ಕೊಡಲು ಬಂದ ಪಕ್ಕದ ಮನೆಯವರಿಗೆ ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಎರಡು ಮಾತು ಹೇಳಿ ಗೇಟಿನಾಚೆ ನಿಲ್ಲಿಸಿದರು.

ಮೇ ತಿಂಗಳ ಮಟಮಟ ಮಧ್ಯಾಹ್ನ, 42 ಡಿಗ್ರಿ. "ಲಗೂ ಒಣಗತೈತಿ" ಎಂಬುದು ಕಾಕಾ ಲೆಕ್ಕ. ಒಣಗಿತು ಖರೆ, ಗಾಳಿಯಲ್ಲೇ. ಡಬ್ಬಿಯಿಂದ ಹೊರಟ ಹನಿ ಟಾಕಿ ಮುಟ್ಟುವಷ್ಟರಲ್ಲಿ ಪುಡಿಯಾಗಿ, ಮೈಯೆಲ್ಲ ತರಿತರಿ. ಅದಕ್ಕೆ ಉಪಾಯವೆಂದು, ಗೇಣುದೂರದಿಂದ ತೆಳ್ಳಗೆ, ಬಿಡುವು ಕೊಟ್ಟು ಮೂರ್ನಾಲ್ಕು ಸಲ ಹೊಡೆಯುವ ಬಣ್ಣವನ್ನು ನಾಲ್ಕು ಬೆರಳಿನ ಅಂತರದಲ್ಲಿ ಒಮ್ಮೆಗೇ ಹೊಡೆದರು. ಬಣ್ಣ ಇಳಿಯತೊಡಗಿತು. ಅಷ್ಟರಲ್ಲಿ ಗಾಳಿ ಎದ್ದಿತು. ಧೂಳಿಗೆ ಅಡ್ಡವಾಗಿ ಹೊಚ್ಚಹೊಸ ಚಾದರ ಕಟ್ಟಿಸಿದರು. ಜಿ.ಐ. ಗುರುತು ಪಡೆದ ಸೊಲ್ಲಾಪುರಿ ಚಾದರ ತನ್ನ ಗುರುತನ್ನು ಟಾಕಿಯ ಮೇಲೂ ಬಿಟ್ಟಿತು: ಹಸಿ ಕೆಂಪಿನ ತುಂಬ ಬಿಳಿ ನೂಲೆಳೆ.

"ಡಿಜೈನ್ ಐತಿ," ಅಂದರು ಕಾಕಾ.

ಕ್ಲಿಯರ್ ಕೋಟ್? "ಹೊಳಪು ಬ್ಯಾಡ, ಈಗ ಮ್ಯಾಟ್ ಫ್ಯಾಶನ್." ಹಾರ್ಡನರ್ ಬೆರೆತ ಕ್ಲಿಯರ್ ಇರುವುದು ಬರೀ ಹೊಳಪಿಗಲ್ಲ; ಪೆಟ್ರೋಲಿಗೆ ಸಾದಾ ಸ್ಪ್ರೇ ಬಣ್ಣ ತಡೆಯುವುದಿಲ್ಲ. ಗುರುವಾರ ಸ್ವಾಮಿ ಸಮರ್ಥರ ದರ್ಶನಕ್ಕೆಂದು ಕಾಕಾ ಅದೇ ಗಾಡಿಯ ಮೇಲೆ ಅಕ್ಕಲಕೋಟೆಗೆ ಹೊರಟರು. ಸುಮಾರು 40 ಕಿಲೋಮೀಟರ್ ದಾರಿ. ಬಂಕಿನಲ್ಲಿ ಠೀವಿಯಿಂದ "ಫುಲ್ ಮಾಡು" ಅಂದರು. ನಾಲ್ಕು ಹನಿ ಚೆಲ್ಲಿತು. ಮುಚ್ಚಳದ ಸುತ್ತ ಬಣ್ಣ ಸುಕ್ಕುಗಟ್ಟಿ, ಒರೆಸಿದ ಅಂಗೈಗೆ ಬಂತು, ಅಂಗೈಯಿಂದ ಬಿಳಿ ಪ್ಯಾಂಟಿಗೆ.

ಅನ್ನಛತ್ರದ ಸಾಲಿನಲ್ಲಿ ಹಿಂದೆ ನಿಂತವರೊಬ್ಬರು ಆ ಕೈ ನೋಡಿ ಗಾಬರಿಯಾಗಿ "ಏನಾತ್ರಿ?" ಎಂದರು. "ಪೆಟ್ರೋಲದಾಗ ಕಲಬೆರಕಿ ಐತ್ರಿ, ನಮ್ಮ ಬಣ್ಣ ಮಾತ್ರ ಒಂದ್ ನಂಬರ್," ಎಂದು ಶುರುಮಾಡಿದ ಕಾಕಾ, ಊಟಕ್ಕೆ ಕೂರುವಷ್ಟರಲ್ಲಿ ಅವರ ಬುಲೆಟ್ ಟಾಕಿಗೂ ಬಣ್ಣ ಹೊಡೆದುಕೊಡುವುದಾಗಿ ಒಪ್ಪಿಕೊಂಡಿದ್ದರು.