ಎಡಗೈ ಗುರಿಕಾರ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೀಮೆಯಲ್ಲಿ ಯಾವ ಸಾಮಾನು ಕೊಳ್ಳಬೇಕಾದರೂ ಮೊದಲು ಹೋಗಿ ಕೇಳಬೇಕಾದ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಪಂಪ್‌ಸೆಟ್ಟಿಗೆ ಒಬ್ಬ, ಪವರ್ ಟಿಲ್ಲರಿಗೆ ಒಬ್ಬ, ಸೀಮೆಹಸುವಿಗೆ ಒಬ್ಬ. ಇವರೆಲ್ಲರಿಗೂ ಇರುವ ಒಂದೇ ಸಾಮಾನ್ಯ ಲಕ್ಷಣವೆಂದರೆ, ಆ ಸಾಮಾನು ಇವರ ಮನೆಯಲ್ಲಿ ಇರುವುದಿಲ್ಲ. ಏರ್ ರೈಫಲ್ ವಿಷಯಕ್ಕೆ ಇರುವವರು ಪಾಂಡವಪುರದ ಕಡೆಯ ಒಂದು ಹಳ್ಳಿಯ ಡೇರಿ ಸೆಕ್ರೆಟರಿ.

ಡೇರಿ ಸೆಕ್ರೆಟರಿಯ ಬದುಕು ಎರಡು ಹೊತ್ತೂ ದಶಮಾಂಶದ ಜೊತೆ. ಫ್ಯಾಟು 3.9 ಬಂತು ಎಂದರೆ ಹಾಲು ಹಾಕಿದವರು 4.1 ಬರಬೇಕಿತ್ತು ಎಂದು ಜಗಳಕ್ಕೆ ನಿಲ್ಲುತ್ತಾರೆ. ಇಂಥವರ ಕಣ್ಣಿಗೆ 2008ರಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ಗೆದ್ದದ್ದು ಬಿತ್ತು. ಹತ್ತಕ್ಕೆ ಹತ್ತು ಕೊಟ್ಟು, ಮೇಲೆ ಪಾಯಿಂಟ್ ಎಂಟು ಕೊಸರೂ ಕೊಡುವ ಆಟ ಒಂದಿದೆ ಎಂದು ತಿಳಿದ ಮೇಲೆ ಮನುಷ್ಯ ಮೊದಲಿನ ಹಾಗೆ ಉಳಿಯಲಿಲ್ಲ. ಹತ್ತು ಮೀಟರ್ ದೂರ, ನಡುವಿನ ಚುಕ್ಕಿ ಅರ್ಧ ಮಿಲಿಮೀಟರ್, ಗುಂಡಿನ ಅಡ್ಡಗಲ ಅದರ ಒಂಬತ್ತು ಪಟ್ಟು, ನಾಲ್ಕೂವರೆ ಮಿಲಿಮೀಟರ್. ಇದನ್ನು ಅವರು ಹಾಲಿನ ಕ್ಯಾನು ಎತ್ತಲು ಬಂದ ವ್ಯಾನಿನ ಡ್ರೈವರಿಗೂ ಹೇಳಿದ್ದಾರೆ.

ತೊಡಕು ಒಂದೇ. ಅವರು ಎಡಚರು.

ಒಳ್ಳೆಯ ಸ್ಪರ್ಧೆಯ ರೈಫಲ್ಲನ್ನು ಬಲಗೈಯವನ ಮೈಗೆ ಹೊಂದುವಂತೆ ಕಡೆದಿರುತ್ತಾರೆ. ಕೆನ್ನೆ ಊರುವ ಉಬ್ಬು ಎಡಮಗ್ಗುಲಿಗೆ, ಹಿಡಿಯ ತಗ್ಗು-ದಿಣ್ಣೆ ಬಲ ಅಂಗೈಗೆ, ಗುಂಡು ತುಂಬುವ ಲಿವರು ಬಲಗಡೆಗೆ. ಎಡಚ ಅದನ್ನು ಎಡಭುಜಕ್ಕಿಟ್ಟರೆ ಕೆನ್ನೆಗೆ ಆಸರೆಯಿಲ್ಲ, ಅಂಗೈಗೆ ಕೊಡುವುದೆಲ್ಲ ದಿಣ್ಣೆಯೇ. ಜರ್ಮನಿಯ ವಾಲ್ಥರ್, ಫೈನ್‌ವೆರ್ಕ್‌ಬೌ ಕಂಪನಿಗಳು ಎಡಚರಿಗೆಂದೇ ಬೇರೆ ಮಾಡುತ್ತವೆ, ನಿಜ. ಅದು ಇಲ್ಲಿಗೆ ಬಂದು ಇಳಿಯುವಷ್ಟರಲ್ಲಿ ಎರಡು ಲಕ್ಷ ದಾಟಿರುತ್ತದೆ. ಈ ಅಂಕಿ ಮನೆಯಲ್ಲಿ ಒಂದೇ ಸಲ ಬಾಯಿಗೆ ಬಂದದ್ದು. ಜಗಲಿಯಲ್ಲಿ ಕೂತಿದ್ದ ಅವರ ತಂದೆ, “ಹೇಮಗಿರಿ ಜಾತ್ರೇಲಿ ಆ ದುಡ್ಗೆ ಒಳ್ಳೆ ಹಳ್ಳಿಕಾರ್ ಜೋಡಿನೇ ಬತ್ತದೆ. ಎಡಕ್ಕೆ ಪಳಗಿದ ಎತ್ತ ಬಲಕ್ಕೆ ಕಟ್ಟುದ್ರೂ ನಾಕ್ ದಿನಕ್ಕೆ ಹೊಂದ್ಕತದೆ, ನಿಂಗೇನ್ಲಾ ಬಂದಿರೋದು?” ಅಂದರು. ಅಲ್ಲಿಂದಾಚೆಗೆ ಹುಡುಕಾಟ ‘ಕೈಗೆಟಕುವ ಬೆಲೆ’ಯ ಕಡೆ ತಿರುಗಿತು.

ಕೈಗೆಟಕುವ ಬೆಲೆಯದು ಸಿಗದೆ ಇಲ್ಲ. ನಮ್ಮ ದೇಶದ ಪ್ರಿಸಿಹೋಲ್, ಎಸ್‌ಡಿಬಿಯವರ, ನಳಿಗೆ ಬಗ್ಗಿಸಿ ಗುಂಡು ತುಂಬುವ ಸ್ಪ್ರಿಂಗ್ ರೈಫಲ್ಲುಗಳಿವೆ. ನಳಿಗೆಗೆ ಎಡಬಲ ಗೊತ್ತಿಲ್ಲ. ಮರದ ಹಿಡಿ ಎರಡೂ ಕಡೆ ಒಂದೇ ಸಮ ಇರುವುದನ್ನು ನೋಡಿ ಆರಿಸಿದರೆ ಎಡಚನಿಗೆ ಅಷ್ಟೇ ಸಾಕು. ನನ್ನನ್ನು ಕೇಳಿದರೆ ಕಲಿಯುವ ಎಡಚ ಇದನ್ನೇ ಕೊಂಡು ಸುಮ್ಮನೆ ಹೊಡೆಯುತ್ತಾ ಹೋಗಬೇಕು. ಆದರೆ ನನ್ನನ್ನು ಯಾರೂ ಕೇಳುವುದಿಲ್ಲ, ಸೆಕ್ರೆಟರಿಯನ್ನು ಕೇಳುತ್ತಾರೆ. ಅವರು ಕನ್ನಡಕ ತೆಗೆದು ಒರೆಸುತ್ತಾ, “ಸ್ಪ್ರಿಂಗು ಒಳಗಡೆ ಹಾರ್ದಾಗ ಗುಂಡು ಇನ್ನೂ ನಳಿಗೇಲೇ ಇರ್ತದೆ ಕಣಪ್ಪ, ಅಷ್ಟ್ರಲ್ಲಿ ರೈಫಲ್ಲು ಹಿಂದಕ್ಕೂ ಮುಂದಕ್ಕೂ ಜಗ್ಗಿರ್ತದೆ” ಎನ್ನುತ್ತಾರೆ. ಮಾತು ನಿಜವೇ. ಅವರು ಹೇಳುವುದೆಲ್ಲ ನಿಜವೇ ಆಗಿರುವುದು ಈ ಕಥೆಯ ದೊಡ್ಡ ಕಷ್ಟ.

ಹಾಗಾದರೆ ಗಾಳಿ ಸಿಲಿಂಡರಿನದು? ಅದು ಜಗ್ಗುವುದಿಲ್ಲ, ಆದರೆ 200 ಬಾರ್ ಒತ್ತಡ ತುಂಬಬೇಕು. ಕೆ.ಆರ್.ಪೇಟೆಯ ಪಂಕ್ಚರ್ ಅಂಗಡಿಯವನು, “ಬನ್ನಿ ಅಣ್ಣ, ಲಾರಿ ಟೈರಿಗೇ ಹಾಕ್ತೀನಂತೆ, ನಿಮ್ಮ ಕೋಲಿಗೆ ಹಾಕಕ್ಕಿಲ್ವಾ” ಎಂದು ಧೈರ್ಯ ಕೊಟ್ಟ. ಲಾರಿ ಟೈರಿಗೆ ಬೇಕಾದದ್ದು ನೂರಹತ್ತು ಪೌಂಡು, ಇದಕ್ಕೆ ಎರಡು ಸಾವಿರದ ಒಂಬೈನೂರು ಎಂದು ತಿಳಿಸಿದಾಗ ಅವನು ತನ್ನ ಕಂಪ್ರೆಸರನ್ನು ಒಮ್ಮೆ ನೋಡಿ ಟೀ ತರಿಸಿದ.

ಲೈಸೆನ್ಸಿನ ವಿಚಾರದಲ್ಲೂ ಅವರು ಪಕ್ಕಾ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ನಾಲ್ಕೂವರೆ ಮಿಲಿಮೀಟರ್ ಒಳಗಿನ, 20 ಜೌಲ್ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಆದರೂ ಚುನಾವಣೆ ಬಂದಾಗ ಊರಿನ ಬಂದೂಕುಗಳೆಲ್ಲ ಠಾಣೆ ಸೇರುವುದನ್ನು ಕಂಡು, ಒಂದು ಮಾತು ಕೇಳಿಬರೋಣ ಎಂದು ಹೋದರು. “ಎಲ್ಲಿ, ತಂದಿದ್ದೀರಾ?” ಎಂದರು ಅಲ್ಲಿದ್ದವರು. “ಇನ್ನೂ ತಗೊಂಡಿಲ್ಲ ಸಾರ್.” ಪೇದೆಯೊಬ್ಬರು ಅವರನ್ನು ಬಹಳ ಗೌರವದಿಂದ ಗೇಟಿನವರೆಗೆ ಕಳಿಸಿಕೊಟ್ಟರಂತೆ. ಊರಿನವರಿಗೆ ಮಾತ್ರ ಇಷ್ಟೊಂದು ಕಾನೂನು ಬೇಡ. “ಕೋತಿ ಓಡ್ಸಕ್ಕಾ? ನವಿಲ್ಗಾ?” ಎಂದು ಕೇಳುತ್ತಾರೆ. ಒಂದು ಕಡೆ ರಂಗನತಿಟ್ಟು, ಇನ್ನೊಂದು ಕಡೆ ಆದಿಚುಂಚನಗಿರಿಯ ನವಿಲುಧಾಮ ಇಟ್ಟುಕೊಂಡು ಇಂಥ ಪ್ರಶ್ನೆ ಕೇಳುವವರಿಗೆ ಅವರು 1972ರ ವನ್ಯಜೀವಿ ಕಾಯ್ದೆಯನ್ನು ನಿಲ್ಲಿಸಿಕೊಂಡು ಹೇಳುತ್ತಾರೆ. ಎರಡನೇ ಸಲ ಯಾರೂ ಕೇಳಿಲ್ಲ.

ಅವರ ಪ್ರಕಾರ ಎಡಚ ಮೊದಲು ನೋಡಬೇಕಾದ್ದು ಕೈಯಲ್ಲ, ಕಣ್ಣು. ಎರಡು ಕಣ್ಣಿನಲ್ಲಿ ಒಂದು ಯಜಮಾನ. ಕೈ ಎಡದ್ದಾಗಿ ಕಣ್ಣು ಬಲದ್ದಾದರೆ ಎಲ್ಲ ತಲೆಕೆಳಗು. ಈ ಪರೀಕ್ಷೆಯನ್ನು ಅವರು ಡೇರಿ ಮುಂದೆಯೇ ಮಾಡಿಸಿಬಿಟ್ಟರು. ಬೆಳಗ್ಗೆ ಆರೂವರೆ, ಸಾಲಿನಲ್ಲಿದ್ದ ಹೆಂಗಸರೆಲ್ಲ ಹಾಲಿನ ಕ್ಯಾನು ಕೆಳಗಿಟ್ಟು, ಎರಡು ಕೈ ಚಾಚಿ, ಹೆಬ್ಬೆರಳು ತೋರುಬೆರಳು ಸೇರಿಸಿದ ಸಂದಿಯಲ್ಲಿ ಎದುರಿನ ಟ್ರಾನ್ಸ್‌ಫಾರ್ಮರ್ ನೋಡಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚುವುದು. ಯಾವುದನ್ನು ಮುಚ್ಚಿದಾಗ ಟ್ರಾನ್ಸ್‌ಫಾರ್ಮರ್ ಜರುಗುತ್ತದೋ ಅದೇ ಯಜಮಾನ. “ಜರುಗ್ತಾ ಅಜ್ಜಿ?” “ಅದು ಜರುಗಿದ್ದು ಒಂದೇ ಸತಿ ಕಣಪ್ಪ, ಸುಟ್ಟೋದಾಗ ಲೈನ್‌ಮನ್ನು ಇಳ್ಸಿದ್ನಲ್ಲ, ಆವಾಗ. ನನ್ ಫ್ಯಾಟ್ ನೋಡು ಮೊದ್ಲು.” ಸೆಕ್ರೆಟರಿಯದು ಮಾತ್ರ ಎಡಗೈ, ಎಡಗಣ್ಣು. ಇದನ್ನು ಅವರು ಜಾತಕ ಕೂಡಿಬಂದ ವರನ ತಂದೆಯಂತೆ ಹೇಳಿಕೊಳ್ಳುತ್ತಾರೆ.

ರೈಫಲ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಅವರ ಬೀರುವಿನಲ್ಲಿದೆ. ಕಾಗದಕ್ಕೆ ದುಂಡಗೆ ತೂತು ಬೀಳಲೆಂದು ಚಪ್ಪಟೆ ತಲೆಯ ಗುಂಡಿನ ಡಬ್ಬಿ, ಗುರಿ ಕಾರ್ಡುಗಳ ಕಟ್ಟು, ಬಲಗೈಗೆ ಹಾಕುವ ದಪ್ಪ ಕೈಗವಸು. ನಾಗಮಂಗಲದ ಆಚಾರ್ರು ಅವರ ದವಡೆಗೆ ದಾರ ಹಿಡಿದು ಅಳೆದು, ಹಲಸಿನ ಮರದಲ್ಲಿ ಕಡೆದುಕೊಟ್ಟ ಕೆನ್ನೆಹಲಗೆಯೂ ಇದೆ. ಅಪ್ಪಟ ಎಡಗೈಯದು, ಎಣ್ಣೆ ಉಜ್ಜಿ ಉಜ್ಜಿ ಮಿರುಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಅದಕ್ಕೆ ಕೆನ್ನೆ ಕೊಟ್ಟು ಒಂದು ಗಳಿಗೆ ಗುರಿ ಹಿಡಿಯುವುದುಂಟು.

ಮೊನ್ನೆ ನಾಗಮಂಗಲದ ಕಡೆಯ ಹುಡುಗನೊಬ್ಬ, ಅವನೂ ಎಡಚ, ಇವರ ಬಳಿ ಒಂದು ಸಂಜೆ ಕೂತು ಎಲ್ಲ ಕೇಳಿಕೊಂಡು ಹೋದ. ಆಮೇಲೆ ಸದ್ದಿಲ್ಲದೆ ನಳಿಗೆ ಬಗ್ಗಿಸುವ ಸ್ಪ್ರಿಂಗ್ ರೈಫಲ್ ತರಿಸಿಕೊಂಡುಬಿಟ್ಟ. ತಪ್ಪು ಹುಡುಕಲು ಸೆಕ್ರೆಟರಿ ಮುಂದಿನ ಭಾನುವಾರವೇ ಹೋದರು. ಆಲೆಮನೆಯ ಗೋಡೆಗೆ ಮರಳು ತುಂಬಿದ ಎಣ್ಣೆ ಡಬ್ಬ ಒರಗಿಸಿ, ಮೇಲೆ ಕಾರ್ಡು ಅಂಟಿಸಿ, ಹುಡುಗ ಹೆಜ್ಜೆ ಹಾಕಿ ದೂರ ಅಳೆದಿದ್ದ. ಸೆಕ್ರೆಟರಿ ಟೇಪು ಹಿಡಿದು ಮತ್ತೆ ಅಳೆದರು. ರೈಫಲ್ಲನ್ನು ಎಡಭುಜಕ್ಕಿಟ್ಟು, ಬಲ ಅಂಗೈ ಮೇಲೆ ಬಿಗಿಹಿಡಿಯದೆ ಸುಮ್ಮನೆ ಮಲಗಿಸಿ, ಉಸಿರು ಅರ್ಧ ಬಿಟ್ಟು ಐದು ಗುಂಡು ಹೊಡೆದರು. ಒಂದು ರೂಪಾಯಿ ನಾಣ್ಯ ಇಟ್ಟರೆ ಐದೂ ತೂತು ಮುಚ್ಚಿಹೋಗುತ್ತಿದ್ದವು. ಹುಡುಗ ಬಾಯಿ ತೆರೆದು ನಿಂತ. ಅವನ ತಾಯಿ ಕೊಬ್ಬರಿ ಒಣಹಾಕುತ್ತಿದ್ದವರು ಎದ್ದು ಬಂದು ನೋಡಿ, “ಹಂಗಾರೆ ಇದ್ನೇ ತಗಬೋದಿತ್ತಲ್ಲ ಅಣ್ಣ, ಇಷ್ಟ್ ವರ್ಸ ಯಾಕೆ ಹುಡುಕ್ತಾ ಕೂತ್ಕಂಡ್ರಿ?” ಎಂದರು.

ಸೆಕ್ರೆಟರಿ ರೈಫಲ್ಲನ್ನು ತಿರುಗಿಸಿ, ಎರಡೂ ಮಗ್ಗುಲು ಸವರಿ ನೋಡಿ, ಹುಡುಗನ ಕೈಗೆ ಕೊಟ್ಟರು.

“ಇದು ಎರಡು ಕೈಗೂ ಆಯ್ತದೆ ಕಣವ್ವ. ನಂಗೆ ಎಡಗೈಗೆ ಮಾತ್ರ ಆಗೋದು ಬೇಕು.”